ಆಪರೇಷನ್‌ಗೆ ಐದು ವಾರ ಅದ, ಸಿಗರೇಟ್ ಬಿಡಬೇಕು: ಬಿಟ್ಟವರು ಹೇಳ್ರಿ

ಚಿತ್ತಾಪುರದಿಂದ ಕೇಳಿದ್ದು:

ನಮಸ್ಕಾರ್ರೀ. ವಯಸ್ಸು 41, ಗೊಬ್ಬರದ ಅಂಗಡಿ ಅದ. ಇಪ್ಪತ್ತು ವರ್ಷದಿಂದ ಸೇದ್ತೀನಿ. ದಿನಾ ಹದಿನೈದು, ತೊಗರಿ ಬಿತ್ತೋ ಟೈಮಿಗೆ ಇಪ್ಪತ್ತು ದಾಟ್ತದ. ಎದ್ದ ಕೂಡಲೆ ಮೊದಲನೇದು, ಮುಖ ತೊಳಿಯೋಕಿಂತ ಮೊದಲೇ. ಈಗ ಹರ್ನಿಯಾ ಆಪರೇಷನ್ ಆಗಬೇಕು. ಡಾಕ್ಟರ್ ಹೇಳ್ಯಾರ, ಕಮ್ಮಿ ಅಂದ್ರೂ ನಾಲ್ಕು ವಾರ ಮೊದಲೇ ಬಂದ್ ಮಾಡು, ಇಲ್ಲಂದ್ರ ಗಾಯ ಲಗೂನ ಮಾಯಂಗಿಲ್ಲ, ಕೆಮ್ಮಿದಾಗೆಲ್ಲ ಹೊಲಿಗಿ ಮ್ಯಾಲೆ ಜೋರು ಬೀಳ್ತದ ಅಂತ. ಹೋದ ವರ್ಷ ನಿಕೋಟಿನ್ ಗಮ್ ತಂದಿದ್ದೆ. ಬಿಕ್ಕಳಿಕಿ, ಎದಿ ಉರಿ. ಎರಡೇ ದಿನಕ್ಕ ಒಗದೆ. ಮೈಗೆ ಅಂಟಿಸೋ ನಿಕೋಟಿನ್ ಪ್ಯಾಚ್, ಗುಳಿಗಿ ಅಂತಾರಲ್ಲ, ಕೆಲಸ ಮಾಡ್ತಾವೇನು? ಇಲ್ಲಾ ಒಮ್ಮಿಗೇ ಬಿಟ್ಟುಬಿಡಬೇಕೋ? ಉಪದೇಶ ಬ್ಯಾಡ್ರಿ, ಅದು ಮನ್ಯಾಗ ಸಾಕಷ್ಟು ಸಿಕ್ಕದ.

ಕಲಬುರಗಿ, ಬಿಟ್ಟು ನಾಲ್ಕು ವರ್ಷ:

ಅಣ್ಣಾ, ಗಮ್ಮಿಂದು ತಪ್ಪಿಲ್ಲ, ಅಗದ ರೀತಿ ತಪ್ಪು. ನಾನೂ ಅದೇ ಮಾಡಿದ್ದೆ. ಹೆಸರು ಗಮ್ ಅದ ಅಂತ ಬಬಲ್ ಗಮ್ಮಿನಂಗ ಕಚಕಚ ಅಗದು ಉಗುಳೆಲ್ಲ ನುಂಗಿದೆ. ನುಂಗಿದ ನಿಕೋಟಿನ್ ಹೊಟ್ಟಿಗೆ ಹೋಗಿ ಉರಸ್ತದ, ಬಿಕ್ಕಳಿಕಿ ತರ್ತದ, ತಲಬು ಮಾತ್ರ ಹಂಗೇ ಉಳೀತದ. ಅದು ಗಲ್ಲದ ಒಳಚರ್ಮದಿಂದ ರಕ್ತಕ್ಕ ಹೋಗಬೇಕು.

ನನಗ ಇದು ತಲಿಗೆ ಹೊಕ್ಕಿದ್ದು ನಮ್ಮಜ್ಜನ ನೆನಸಿಕೊಂಡಾಗ. ಆತ ತಂಬಾಕಕ್ಕ ಸುಣ್ಣ ಹಚ್ಚಿ ಅಂಗೈಯಾಗ ತಿಕ್ಕಿ ಗಲ್ಲದ ಸಂದ್ಯಾಗ ಇಟ್ಟ ಅಂದ್ರ ಅರ್ಧ ತಾಸು ಅಲ್ಲೇ. ಗಮ್ಮೂ ಹಂಗೇ. ಸಾವಕಾಶ ಹತ್ತು-ಹದಿನೈದು ಸಲ ಅಗೀರಿ. ನಾಲಿಗಿಗೆ ಮೆಣಸು ಕಡದಂಗ ಚುರ್ ಅಂದ ಕೂಡಲೆ ನಿಲ್ಲಸ್ರಿ, ಗಲ್ಲಕ್ಕೂ ವಸಡಿಗೂ ನಡುವ ಒತ್ತಿ ಇಡ್ರಿ. ಚುರುಚುರು ಇಳದ ಮ್ಯಾಲೆ ಮತ್ತ ನಾಲ್ಕು ಸಲ ಅಗದು ಈ ಸಲ ಆ ಕಡಿ ಗಲ್ಲಕ್ಕ. ಹಿಂಗ ಒಂದು ಗಮ್ ಅರ್ಧ ತಾಸು ಬರ್ತದ.

ಚಾ, ಕಾಫಿ, ಸೋಡಾ, ಲಿಂಬು ಶರಬತ್ತು ಕುಡದು ಹದಿನೈದು ನಿಮಿಷ ಆಗೋತನಕ ಬಾಯಿಗೆ ಹಾಕಬ್ಯಾಡ್ರಿ. ಬಾಯಾಗ ಹುಳಿ ಇದ್ರ ನಿಕೋಟಿನ್ ಸರಿಯಾಗಿ ಒಳಗ ಹೋಗಂಗಿಲ್ಲ. ಸುಣ್ಣ ಹುಳಿ ಮುರೀತದ; ಅಜ್ಜ ಅದನ್ನ ಯಾಕ ಹಚ್ಚತಿದ್ದ ಅಂತ ನನಗ ಆವಾಗ ತಿಳೀತು ನೋಡ್ರಿ. ಮತ್ತ ತಲಬು ಏರಿದ ಮ್ಯಾಲೆ ಹುಡುಕಬ್ಯಾಡ್ರಿ; ಮೊದಲ ಆರು ವಾರ ತಾಸು, ಎರಡು ತಾಸಿಗೊಂದು ಗಡಿಯಾರ ನೋಡಿ ಹಾಕ್ಕೊಳ್ರಿ.

ಗಮ್ ಏನೇ ಮಾಡಿದ್ರೂ ಸೂಪರ್ ಮಾರ್ಕೆಟ್ ಚಾದಂಗಡಿ ಮುಂದ ನಿಂತ ಗೆಳ್ಯಾರನ ಅದು ತಡಿಯಂಗಿಲ್ಲ. ಮೂರು ವಾರ ಆ ರಸ್ತಾನೇ ಬಿಟ್ಟೆ, ಸಂಜಿಮುಂದ ಶರಣಬಸವೇಶ್ವರ ಕೆರಿ ಸುತ್ತಿದೆ. ಎರಡು ಮಂದಿ ಸಿಟ್ಟಾದ್ರು. ಒಬ್ಬ ಈಗ ಕೆರಿಗೇ ಬರ್ತಾನ.

ಜೇವರ್ಗಿ:

ನಾ ಏನೂ ಹಚ್ಚಲಿಲ್ಲ, ನುಂಗಲಿಲ್ಲ. ರಮಜಾನ್‌ದಾಗ ಹಗಲು ಹೆಂಗೂ ಸೇದಂಗಿಲ್ಲ. ಇಫ್ತಾರ್ ಆದ ಮ್ಯಾಲೆ ಎರಡು ಸೇದತಿದ್ದೆ, ಆ ವರ್ಷ ಆ ಎರಡನ್ನೂ ಬಿಟ್ಟೆ. ಮೊದಲ ಮೂರು ದಿನ ಮನ್ಯಾಗ ಎಲ್ಲರ ಮ್ಯಾಲೆ ಒದರಾಡಿದೆ. ಅದಕ್ಕಿಂತ ಮೊದಲು ಇದೇ ರೀತಿ ಐದು ಸಲ ಬಿಟ್ಟು ಮತ್ತ ಹಿಡದೀನಿ, ಅದೂ ಹೇಳಬೇಕಲ್ಲ. ನಿಮಗ ಐದೇ ವಾರ ಅದ. ಔಷಧಿ ತಗೋಳ್ರಿ.

ಯಾದಗಿರಿ, ಪ್ಯಾಚ್ ಹಾಕಿದವನು:

ದಿನಕ್ಕೆ ಹತ್ತಕ್ಕಿಂತ ಹೆಚ್ಚು ಸೇದುವವರಿಗೆ 21 ಮಿ.ಗ್ರಾಂ ಪ್ಯಾಚ್‌ನಿಂದ ಶುರು. ಆರು ವಾರ ಅದು, ಆಮೇಲೆ ಎರಡು ವಾರ 14, ಇನ್ನೆರಡು ವಾರ 7. ನಾನು ಮಾಡಿದ ತಪ್ಪೆಂದರೆ ಏಪ್ರಿಲ್‌ನಲ್ಲಿ ಶುರು ಮಾಡಿದ್ದು. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಹನ್ನೊಂದಕ್ಕೆಲ್ಲ ಅಂಗಿ ಒದ್ದೆ, ತೋಳಿನ ಮೇಲಿನ ಪ್ಯಾಚು ಮೂಲೆ ಎದ್ದು ಹಳೇ ಗೋಡೆ ಪೋಸ್ಟರಿನಂತೆ ಜೋತಾಡುತ್ತಿತ್ತು. ಎರಡು ದಿನ ಪ್ಯಾಚು ಅಂಗಿಗೆ ಅಂಟಿತ್ತು, ಮೈಗಲ್ಲ! ಆಮೇಲೆ ಗೊತ್ತಾಯಿತು: ಎಣ್ಣೆ, ಪೌಡರು ಹಚ್ಚಿದ ಜಾಗಕ್ಕೆ ಹಿಡಿಯುವುದಿಲ್ಲ. ನೀರಿನಿಂದ ತೊಳೆದು, ಪೂರ್ತಿ ಒಣಗಿಸಿ, ಕೂದಲಿಲ್ಲದ ಬೆನ್ನಿನ ಮೇಲ್ಭಾಗಕ್ಕೆ ಇಟ್ಟು ಅಂಗೈಯಿಂದ ಹತ್ತು ಸೆಕೆಂಡು ಒತ್ತಿ ಹಿಡಿಯಲು ಹೆಂಡತಿಗೆ ಹೇಳಿದೆ. ದಿನಾ ಜಾಗ ಬದಲಿಸಿ, ಇಲ್ಲದಿದ್ದರೆ ತುರಿಕೆ.

ರಾತ್ರಿ ವಿಚಿತ್ರ ಕನಸು ಬೀಳುತ್ತವೆ. ನಾನು ರೈಲಿನ ಡ್ರೈವರ್ ಆಗಿ ವಾಡಿ ಜಂಕ್ಷನ್‌ನಲ್ಲಿ ದಾರಿ ತಪ್ಪಿದ್ದೆ. ಮಲಗುವಾಗ ತೆಗೆದರೆ ಸರಿಹೋಗುತ್ತದೆ. ಪ್ಯಾಚು ದಿನವಿಡೀ ಸಣ್ಣಗೆ ಉರಿಯುವ ಒಲೆ ಇದ್ದಹಾಗೆ. ಊಟದ ನಂತರ ಭಗ್ಗನೆ ಏಳುವ ತಲಬಿಗೆ ಅದೊಂದೇ ಸಾಲದು. ಡಾಕ್ಟರು ಜೊತೆಗೆ ಗಮ್ಮೂ ಕೊಟ್ಟರು. ಎರಡೂ ಸೇರಿದ ಮೇಲೇ ನನಗೆ ಹಿಡಿತ ಸಿಕ್ಕಿದ್ದು.

ಸೇಡಂ, ಮೆಡಿಕಲ್ ಅಂಗಡಿಯವನು:

ಸರ್, 2 ಮಿ.ಗ್ರಾಂ ಗಮ್ ಚೀಟಿ ಇಲ್ಲದೆ ಸಿಗತದ, 4 ಮಿ.ಗ್ರಾಂಗೆ ಡಾಕ್ಟರ್ ಚೀಟಿ ಬೇಕು. ಎದ್ದ ಅರ್ಧ ತಾಸಿನ್ಯಾಗ ಮೊದಲ ಸಿಗರೇಟ್ ಸೇದವರಿಗೆ ಗಮ್ ಒಂದೇ ಆದ್ರ 4 ಬೇಕಾಗ್ತದ, ನೀವು ಅದೇ ಗುಂಪಿನವರು. ಗುಳಿಗಿ ಅಂದ್ರ ಮುಖ್ಯವಾಗಿ ವರೆನಿಕ್ಲಿನ್. ಅದ್ರಾಗ ನಿಕೋಟಿನ್ ಇಲ್ಲ. ಮಿದುಳಿನ್ಯಾಗ ನಿಕೋಟಿನ್ ಕೂಡೋ ಜಾಗದಾಗ ತಾನೇ ಹೋಗಿ ಕೂಡ್ತದ, ಸೇದಿದ್ರೂ ಮಜಾ ಬರಂಗಿಲ್ಲ. ಬಿಡೋ ದಿನಕ್ಕ ಒಂದು ವಾರ ಮೊದಲು ಶುರು, ಒಟ್ಟು 12 ವಾರ. ಖಾಲಿ ಹೊಟ್ಟಿಗೆ ತಗೊಂಡ್ರ ವಾಕರಿಕಿ, ಊಟ ಆದ ಮ್ಯಾಲೆ ತುಂಬಿದ ಗ್ಲಾಸ್ ನೀರಿನ ಜೊತಿ ತಗೋಬೇಕು. ಬುಪ್ರೋಪಿಯಾನ್ ಅಂತ ಇನ್ನೊಂದದ, ಮೂರ್ಛೆ ರೋಗ ಇದ್ದವರಿಗೆ ಬ್ಯಾಡ. ಎರಡೂ ಡಾಕ್ಟರ್ ಕೇಳೇ. ಪ್ಯಾಚ್ ಹಾಕಿದ್ರೂ ಆಪರೇಷನ್ ಮಾಡೋರಿಗೆ ಮೊದಲೇ ಹೇಳ್ರಿ. ಇ-ಸಿಗರೇಟ್ ಕೇಳಬ್ಯಾಡ್ರಿ, 2019ರಿಂದ ದೇಶದಾಗೆಲ್ಲ ಬ್ಯಾನ್ ಅದ.

ಗಿರಾಕಿಗಳು ಕೇಳದ ಒಂದು ಮಾತು: ಸಿಗರೇಟಿನ ಹೊಗಿ ಲಿವರ್‌ಗೆ ಚಾದೊಳಗಿನ ಕೆಫೀನ್ ಲಗೂ ಕರಗಸಲಕ್ಕ ಹಚ್ಚಿರ್ತದ. ಹೊಗಿ ನಿಂತ್ರ ಅದೇ ಆರು ಕಪ್ ಚಾ ಮೈಯಾಗ ಭಾಳ ಹೊತ್ತು ಉಳೀತದ. ಎದಿ ಢವಢವ, ನಿದ್ದಿ ಇಲ್ಲ, ಮಂದಿ ಸಿಗರೇಟ್ ಬಿಟ್ಟಿದ್ದಕ್ಕೇ ಹಿಂಗಾಯ್ತು ಅಂತ ಮತ್ತ ಹಚ್ತಾರ. ಚಾ ಅರ್ಧ ಮಾಡ್ರಿ.

ಆಳಂದ:

ಅಣ್ಣಾರ, ನಮ್ಮ ಮನಿಯವ್ರು ಸಿಗರೇಟ್ ಬಿಟ್ರು ಅಂತ ಗುಡಿಗೆ ಕಾಯಿ ಒಡಿಸಿದೆ. ಆರು ತಿಂಗಳ ಮ್ಯಾಲೆ ಅಂಗಿ ಒಗೀಬೇಕಾದ್ರ ಜೇಬಿನ್ಯಾಗ ಎರಡು ಚೀಟು, ಒಂದು ಪಾನ್ ಮಸಾಲಾ, ಒಂದು ತಂಬಾಕು. ಗುಟ್ಕಾ 2013ರಾಗೇ ಬಂದ್ ಆಗ್ಯಾದ, ಅದಕ್ಕ ಬ್ಯಾರೆ ಬ್ಯಾರೆ ಮಾಡಿ ಮಾರ್ತಾರ. ಈಗ ಬಾಯಿ ಎರಡು ಬೆರಳಷ್ಟೂ ತೆರಿಯಂಗಿಲ್ಲ. ರೊಟ್ಟಿ ಚೂರು ಮಾಡಿ ಸಾರಿನ್ಯಾಗ ನೆನಸಿ ಕೊಡ್ತೀನಿ, ಖಾರ ಇರಬಾರದು. ಅಡಕಿಯಿಂದ ಗಲ್ಲದ ಒಳಗ ಗಟ್ಟಿ ಆಗ್ಯಾದ ಅಂದ್ರು ಡಾಕ್ಟರು. ಬಾಯಿ ಸುಮ್ಮನಿರಂಗಿಲ್ಲ ಅಂತ ಸುಪಾರಿ ಹಿಡೀಬ್ಯಾಡ್ರಿ. ಬಡಿಸೋಪು, ಲವಂಗ, ಪುಠಾಣಿ, ಏನಾದ್ರೂ ಇಟ್ಕೊಳ್ರಿ.

ಹುಮನಾಬಾದ್ (ಅಜ್ಜ ಹೇಳ್ತಾರ, ಮೊಮ್ಮಗ ಬರೀತೀನಿ):

ತಮ್ಮಾ, ನಂದು ಬೀಡಿ. ನಲವತ್ತು ವರ್ಷ. ಬೀಡಿ ಅಂದ್ರ ಎಲಿಯಂದು, ಸಿಗರೇಟಿಗಿಂತ ಹಗುರ ಅಂತ ತಿಳಕೊಂಡಿದ್ದೆ. ಹಂಗೇನಿಲ್ಲ, ಆರಬಾರದು ಅಂತ ಮತ್ತ ಮತ್ತ ಎಳೀತೀವಿ, ಹೊಗಿ ಹೆಚ್ಚೇ ಹೋಗ್ತದ. ಬಿಡಲಕ್ಕ ಅಡ್ಡ ಬಂದಿದ್ದು ಒಂದೇ, ಹೇಳಲಕ್ಕ ನಾಚಿಕಿ: ಬೀಡಿ ಇಲ್ಲದ ಮುಂಜಾನಿ ಹೊಟ್ಟಿ ಸಾಫ್ ಆಗತಿದ್ದಿಲ್ಲ. ಬಿಟ್ಟ ಹೊಸದ್ರಾಗ ಕೆಲವರಿಗೆ ಮಲಬದ್ಧತೆ ಆಗ್ತದ ಅಂತ ಯಾರೂ ಹೇಳಿರಲಿಲ್ಲ. ರಾತ್ರಿ ಇಸಬಗೋಲ್, ಮುಂಜಾನಿ ಎರಡು ಗ್ಲಾಸ್ ಬಿಸಿನೀರು, ಎರಡು ವಾರಕ್ಕ ದಾರಿಗೆ ಬಂತು. ಪ್ಯಾಕೆಟ್ ಮ್ಯಾಲೆ ಇರೋ, ತಂಬಾಕು ಬಿಡಸೋ ಸರ್ಕಾರಿ ಸಹಾಯದ ನಂಬರಿಗೆ, 1800-11-2356, ಮೊಮ್ಮಗ ಹಚ್ಚಿಕೊಟ್ಟ. ರೊಕ್ಕ ಇಲ್ಲ. ನಾ ಕನ್ನಡದಾಗೇ ಮಾತಾಡಿದೆ. ಬೀಡಿ ಎಷ್ಟು, ಯಾವಾಗ್ಯಾವಾಗ ಅಂತ ಕೇಳಿದ್ರು, ಬೈಲಿಲ್ಲ.

ಚಿತ್ತಾಪುರದವರು, ಎರಡು ವಾರದ ಮ್ಯಾಲೆ:

ಎಲ್ಲರಿಗೂ ಶರಣ್ರಿ. ಡಾಕ್ಟರ್ ಕೇಳಿ 21ರ ಪ್ಯಾಚ್ ಬೆನ್ನಿಗೆ, 2ರ ಗಮ್ ಜೇಬಿನ್ಯಾಗ. ಗಲ್ಲದ ಲೆಕ್ಕ ಖರೇ ಅದ, ಬಿಕ್ಕಳಿಕಿ ಬರಲೇ ಇಲ್ಲ. ಇವತ್ತಿಗೆ ಹನ್ನೊಂದು ದಿನ. ಕೆಮ್ಮು ಮೊದಲಿಗಿಂತ ಜಾಸ್ತಿ ಆಗ್ಯಾದ. ಮತ್ತ ಎಂಟನೇ ದಿನ ಒಂದು ಸೇದಿದೆ. ಯೂರಿಯಾ ಲಾರಿ ಬಂದಿತ್ತು, ಹಮಾಲರ ಜೊತಿ ನಿಂತಿದ್ದೆ, ಕೈ ತಾನೇ ಹೋಯ್ತು.

ಕಲಬುರಗಿ:

ಕೆಮ್ಮು ಕಫ ಹೊರಗ ಬರೋದು, ಸ್ವಲ್ಪ ದಿನ ಇರ್ತದ. ಆಪರೇಷನ್ ಅದ, ಡಾಕ್ಟರಿಗೆ ಮಾತ್ರ ತಿಳಸ್ರಿ. ಒಂದು ಸೇದಿದ್ರಂತ ಪ್ಯಾಚ್ ಕಿತ್ತಬ್ಯಾಡ್ರಿ. ಪ್ಯಾಕೆಟ್ ತಗೊಂಡೀರೇನು?

ಚಿತ್ತಾಪುರ:

ಇಲ್ಲ, ಒಂದೇ. ಈಗ ಗಲ್ಲೆ ಮ್ಯಾಲೆ ಬಡಿಸೋಪಿನ ಡಬ್ಬಿ ಇಟ್ಟೀನಿ. ಹಮಾಲರೇ ಖಾಲಿ ಮಾಡ್ಲಕತ್ತಾರ.