ಆಂಗ್ರನ ಪೆನ್ಸಿಲ್ ಭಾವಚಿತ್ರಗಳಲ್ಲಿ ಹೆಂಗಸರ ಸ್ಥಾನ: ಹೇಗೆ ಓದಬೇಕು?

ಹೊಸಗೆರೆ:
ಎಂವಿಎ (ದೃಶ್ಯಕಲೆಯ ಸ್ನಾತಕೋತ್ತರ) ಸೆಮಿನಾರಿಗೆ ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಚಿತ್ರಕಾರ ಆಂಗ್ರನ ಪೆನ್ಸಿಲ್ ಭಾವಚಿತ್ರಗಳನ್ನು ಆರಿಸಿಕೊಂಡಿದ್ದೇನೆ. ಹೆಂಗಸರ ಮುಖವನ್ನಷ್ಟೇ ತೀಡಿ ಮುಗಿಸಿ, ಉಡುಪನ್ನು ಬರೀ ಗೆರೆಯಲ್ಲಿ ಬಿಟ್ಟಿದ್ದಾನೆ. ಬೂರ್ಜ್ವಾ (ಅನುಕೂಲಸ್ಥ ಮಧ್ಯಮವರ್ಗದ) ಸಮಾಜ ಹೆಣ್ಣಿನ ಮೈಯನ್ನು ಮರೆಮಾಡಿತು ಎನ್ನಲು ಇದು ಸಾಕೇ?

ಗ್ರಾಫೈಟ್:
ಸಾಲದು. ಗಂಡಸರ ಕೋಟನ್ನೂ ಅವನು ಹಾಗೇ ಬಿಟ್ಟಿದ್ದಾನಲ್ಲ! 1815ರಲ್ಲಿ ನೆಪೋಲಿಯನ್ ಬಿದ್ದಮೇಲೆ ರೋಮಿನಲ್ಲಿದ್ದ ಫ್ರೆಂಚ್ ಗಿರಾಕಿಗಳು ಖಾಲಿಯಾದರು, ಹೊಟ್ಟೆಪಾಡಿಗೆ ಇಂಗ್ಲಿಷ್ ಪ್ರವಾಸಿಗರ ಚಿತ್ರ ಬರೆದುಕೊಟ್ಟ. ಅಲ್ಲಿ ಮುಖ ಹೋಲಲೇಬೇಕು, ಉಳಿದದ್ದು ಬೇಗ ಮುಗಿದರೆ ಸಾಕು.

ಸ್ಥಾನಮಾನ ನೋಡಬೇಕಾದರೆ ಯಾರು ಎಲ್ಲಿದ್ದಾರೆ ಅಂತ ನೋಡಿ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ‌ನಲ್ಲಿರುವ ‘ಸ್ಟಾಮಾಟಿ ಕುಟುಂಬ’ (1818) ತೆಗೆದುಕೊಳ್ಳಿ. ಅಪ್ಪ ನಿಂತಿದ್ದಾನೆ, ಅಮ್ಮ ಕೂತಿದ್ದಾಳೆ, ಮಗಳು ಪಿಯಾನೊ ಬಳಿ. ಆ ವರ್ಗದಲ್ಲಿ ಪಿಯಾನೊ ಬಲ್ಲವಳು ಅಂದರೆ ಮದುವೆಗೆ ಸಿದ್ಧವಾದ ಹುಡುಗಿ, ಸಂಗೀತ ಕಛೇರಿ ಕೊಡುವವಳಲ್ಲ.

ಕೈಬೆರಳು:
ಭಂಗಿಯನ್ನು ಮಾತ್ರ ನಂಬಬೇಡಿ. ಮದಾಂ ಮ್ವಾತೆಸಿಯೆ ಶ್ರೀಮಂತ ವ್ಯಾಪಾರಿಯ ಹೆಂಡತಿ. 1844ರಲ್ಲಿ ಶುರುವಾದ ಅವಳ ಕೂತ ಭಂಗಿಯ ತೈಲಚಿತ್ರವನ್ನು ಆಂಗ್ರ ಮುಗಿಸಿದ್ದು 1856ಕ್ಕೆ. ಕೆನ್ನೆಗೆ ತಾಗಿದ ಆ ಬೆರಳು ಅವಳ ಸ್ವಭಾವವೇ ಅಲ್ಲ, ಹರ್ಕ್ಯುಲೇನಿಯಂ ಎಂಬ ಪ್ರಾಚೀನ ರೋಮನ್ ಊರಿನ ಭಿತ್ತಿಚಿತ್ರದ ದೇವಿಯಿಂದ ಎತ್ತಿದ್ದು. ಸ್ವಾರಸ್ಯ ಬೇರೆಡೆ ಇದೆ: ಮೊದಲು ಮೊಣಕಾಲ ಬಳಿ ಮಗಳು ಕ್ಯಾಥರೀನ್ ಇದ್ದಳು. ಹುಡುಗಿ ಒಂದು ಕಡೆ ಕೂರಲಿಲ್ಲ, ಅವಳನ್ನು ತೆಗೆದುಹಾಕಿದ. ಉಳಿದದ್ದು ಹೂವಿನ ರೇಷ್ಮೆ, ಒಡವೆ, ಹಿಂದಿನ ಕನ್ನಡಿ. ತಾಯಿಯ ಜಾಗಕ್ಕೆ ಗಂಡನ ಸಿರಿ ಬಂದು ಕೂತಿತು. ಪಕ್ಕದಲ್ಲಿ ಪತ್ರಿಕೆಯ ಒಡೆಯ ಬರ್ತಾಂನ ತೈಲಚಿತ್ರ (1832) ಇಟ್ಟುಕೊಳ್ಳಿ: ಎರಡೂ ಅಂಗೈ ತೊಡೆಗೆ ಊರಿ, ಈಗ ಎದ್ದೇಬಿಡುವೆ ಅನ್ನುವಂತೆ. ಆ ಭಾರ ಆಂಗ್ರ ಬರೆದ ಹೆಂಗಸರ ಕೈಗೆ ಬರುವುದೇ ಅಪರೂಪ.

ಗ್ರಾಫೈಟ್:
ಒಂದನ್ನು ನಕಲು ಮಾಡಿ ನೋಡಿ. ನುಣುಪು ಕಾಗದ, ಹೊರಗೆರೆಗೆ ಗಟ್ಟಿಯಾದ 2ಎಚ್ ಪೆನ್ಸಿಲ್, ಕಣ್ಣಂಚಿಗೆ, ತುಟಿಗೆ ಅದಕ್ಕಿಂತ ಮೆತ್ತನೆಯ ಎಚ್‌ಬಿ. ತರಿತರಿಯಾದ ಕಾಗದದಲ್ಲಿ ಕೆನ್ನೆಯ ಸಣ್ಣ ಗೆರೆಗಳು ಒಡೆಯುತ್ತವೆ. ಬೆರಳಲ್ಲಿ ಉಜ್ಜಲೇಬೇಡಿ, ಮುಖಕ್ಕೂ ಬಟ್ಟೆಗೂ ಇರುವ ಅಂತರವೇ ಹೋಗುತ್ತದೆ. ಆಂಗ್ರನ ಕೈ ಎಲ್ಲಿ ಒತ್ತಿದೆ, ಎಲ್ಲಿ ತೇಲಿದೆ ಅಂತ ಗುರುತು ಹಾಕುತ್ತಾ ಹೋಗಿ: ಶಾಲಿನ ಅಂಚು, ಉಂಗುರ, ಟೋಪಿಯ ರಿಬ್ಬನ್. ಮನೆಯೊಳಗೂ ಲೇಸಿನ ಟೋಪಿ ಇದ್ದರೆ ಸಾಮಾನ್ಯವಾಗಿ ಮದುವೆಯಾದವಳು. ಫೋನಿನಲ್ಲಿ ಕಾಂಟ್ರಾಸ್ಟ್ ಏರಿಸಿದ ಚಿತ್ರಗಳಲ್ಲಿ ಇದೆಲ್ಲ ಒಂದೇ ಕಪ್ಪಾಗಿ ಕಾಣುತ್ತದೆ, ಮ್ಯೂಸಿಯಂ ಜಾಲತಾಣದ ದೊಡ್ಡ ಚಿತ್ರವನ್ನೇ ಇಳಿಸಿಕೊಳ್ಳಿ.

ಹೊಸಗೆರೆ:
ಹಾಗಾದರೆ ಉಡುಪು ಬಿಟ್ಟು ಕೈಗಳಿಂದಲೇ ಶುರು ಮಾಡುತ್ತೇನೆ. ಬರ್ತಾಂ ಮತ್ತು ಮ್ವಾತೆಸಿಯೆ, ಎರಡೇ ಸ್ಲೈಡ್.