ಪಾಯಿಂಟ್ 22 ರೈಫಲ್: ಹತ್ತು ತೋಟಾಕ್ಕೆ ಎರಡು ಠುಸ್. ತಲೆ ಕೆಟ್ಟಿದೆ

ಗುರಿತಪ್ಪಿದವ: ಮೂರು ವಾರದಿಂದ ಇದೇ ಗೋಳು. ಟ್ರಿಗರ್ ಒತ್ತಿದ್ರೆ ಬರೀ ಟಕ್. ಹೋದ ತಿಂಗಳವರೆಗೆ ಇದೇ ರೈಫಲ್, ಇದೇ ಕಂಪನಿಯ ತೋಟಾ, ಒಂದೂ ತಪ್ಪಿರಲಿಲ್ಲ. ಬ್ಯಾರೆಲ್ ಕ್ಲೀನ್ ಮಾಡಿದೀನಿ, ದಯವಿಟ್ಟು ಅದನ್ನೇ ಹೇಳ್ಬೇಡಿ.

ಹಳೆಬೋಲ್ಟ್: ತೋಟಾಕ್ಕೆ ಬಡಿಯೋ ಫೈರಿಂಗ್ ಪಿನ್ನಿನ ಸ್ಪ್ರಿಂಗ್. ಕಣ್ಮುಚ್ಚಿ ಬದಲಾಯಿಸಿ.

ಮದ್ದುಪುಡಿ: ಠುಸ್ ಆದ ತೋಟಾದ ತಳದ ಅಂಚಲ್ಲಿ ಪಿನ್ ಗುರುತು ಹೇಗಿದೆ? ಅಂದಹಾಗೆ ಟಕ್ ಅಂದ ತಕ್ಷಣ ಬೋಲ್ಟ್ (ತೋಟಾ ಹಾಕಿ ತೆಗೆಯೋ ಹಿಡಿಕೆ ಭಾಗ) ಎಳೀಬೇಡಿ, ತೋಟಾ ತಡವಾಗಿ ಸಿಡಿಯಬಹುದು. ರೈಫಲ್ ಬಾಯಿ ಗುರಿ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡ್ ಕಾಯಿರಿ.

ಗುರಿತಪ್ಪಿದವ: ಗುರುತು ಆಳವಾಗೇ ಇದೆ. ತಿರುಗಿಸಿ ಹಾಕಿದ್ರೂ ಹೊಡೀಲಿಲ್ಲ.

ಹಳೆಬೋಲ್ಟ್: ಆಳ ಕಂಡ್ರೂ ಪಿನ್ನಿನ ವೇಗ ಸಾಲದು. ನಂದೂ ಹೀಗೇ ಆಗಿತ್ತು. ಸ್ಪ್ರಿಂಗ್.

ಮದ್ದುಪುಡಿ: ತೋಟಾ ಎಲ್ಲಿ ಇಡ್ತೀರಿ?

ಗುರಿತಪ್ಪಿದವ: ಎಲ್ಲರ ಹಾಗೇ, ಕಾರಲ್ಲಿ. ಹಿಂದಿನ ಗಾಜಿನ ಕೆಳಗಿನ ಹಲಗೆ ಮೇಲೆ. ರೈಫಲ್ ಡಿಕ್ಕಿಯಲ್ಲಿ. ದಿನಾ ಯಾರು ಹೊತ್ತು ಇಳಿಸ್ತಾರೆ?

ಮದ್ದುಪುಡಿ: ಸ್ವಾಮೀ, ಇದನ್ನ ಮೊದಲೇ ಹೇಳ್ಬಾರದಾ! ಪೊಟ್ಟಣದ ತಳದಲ್ಲಿ ಜಿಡ್ಡಿನ ಕಲೆ ಇದೆಯಾ?

ಗುರಿತಪ್ಪಿದವ: ಇದೆ. ಎಣ್ಣೆ ಚೆಲ್ಲಿರಬೇಕು ಅಂದ್ಕೊಂಡೆ.

ಮದ್ದುಪುಡಿ: ಎಣ್ಣೆ ಅಲ್ಲ, ಗುಂಡಿನ ಮೇಲಿನ ಮೇಣ. ಪಾಯಿಂಟ್ 22ರಲ್ಲಿ ಸೀಸದ ಗುಂಡಿಗೆ ಹೊರಗಿಂದ ಮೇಣ ಸವರಿರುತ್ತಾರೆ. ಬಿಸಿಲಲ್ಲಿ ಕರಗಿ ಮದ್ದು ತುಂಬಿದ ಹಿತ್ತಾಳೆ ಕೇಸಿನೊಳಗೂ ಜಾರುತ್ತೆ. ಈ ತೋಟಾದಲ್ಲಿ ಪ್ರತ್ಯೇಕ ಪ್ರೈಮರ್ (ಕಿಡಿ ಹುಟ್ಟಿಸೋ ಸಣ್ಣ ಬಿಲ್ಲೆ) ಇಲ್ಲ, ಕಿಡಿ ಮಸಾಲೆ ಅಂಚಿನ ಒಳಗೇ ಇರೋದು. ಅದಕ್ಕೆ ಜಿಡ್ಡು ತಾಗಿದ್ರೆ ಮುಗೀತು. ಮೇಣ ಹೋದ ಗುಂಡು ಬ್ಯಾರೆಲ್‌ಗೆ ಸೀಸ ಮೆತ್ತುತ್ತೆ, ಗುರಿಯೂ ಚದುರುತ್ತೆ.

ಬಿಸಿಲುಕುದುರೆ: ಕಾರಲ್ಲಿ ತೋಟಾ ತಾನಾಗೇ ಸಿಡಿಯುತ್ತೆ, ಗೊತ್ತಾ?

ಮದ್ದುಪುಡಿ: ಇಲ್ಲ ಮಾರಾಯ್ರೇ. ಮುಚ್ಚಿದ ಕಾರು 60-70 ಡಿಗ್ರಿ ಮುಟ್ಟಬಹುದು. ಮದ್ದು ಹೊತ್ತಿಕೊಳ್ಳೋಕೆ 150 ದಾಟಬೇಕು. ಸಿಡಿಯೋದಲ್ಲ, ನಿಧಾನವಾಗಿ ಕೆಡೋದು ಸಮಸ್ಯೆ.

ಬಿಸಿಲುಕುದುರೆ: ಡ್ಯಾಶ್‌ಬೋರ್ಡ್ ಮೇಲೆ ಇನ್ನೂ ಜಾಸ್ತಿ ಇರುತ್ತೆ!

ಮದ್ದುಪುಡಿ: ಜಾಸ್ತಿ ಅಂದ್ರೆ 80, 90. 150 ಅಲ್ಲ.

ಉಕ್ಕಿನಪೆಟ್ಟಿಗೆ: ನನ್ನ ಹತ್ರ ಎರಡು ಸೇಫ್. ಒಂದು ರೈಫಲ್‌ಗೆ, ಒಂದು ತೋಟಾಕ್ಕೆ. ಒಳಗೆ ತೇವ ಹೀರುವ ಸಿಲಿಕಾ ಚೀಲ, ತೇವಮಾಪಕ, ಸಣ್ಣ ದೀಪ. ಫೋಟೋ ಹಾಕ್ಲಾ?

ಗುರಿತಪ್ಪಿದವ: ಫೋಟೋ ಬೇಡ ಸರ್.

ಮದ್ದುಪುಡಿ: ಸೇಫ್ ಮಾತು ಸರಿಯೇ. ಗಾಜು ಒಡೆದ್ರೆ ರೈಫಲ್ ಕಳ್ಳನದು. ರೈಫಲ್‌ನ ಫೋಮ್ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಬಿಟ್ರೆ ತೇವ ಹಿಡಿದು ತುಕ್ಕು ಬೇರೆ. ಮೊದಲು ಮನೆಯಲ್ಲೇ ಇದ್ದ ಪೊಟ್ಟಣ ಒಂದಿದ್ರೆ ಹೊಡೆದು ನೋಡಿ.

ಗುರಿತಪ್ಪಿದವ: (ನಾಲ್ಕು ದಿನದ ನಂತರ) ಬೀರುವಿನಲ್ಲಿದ್ದ 50 ಹೊಡೆದೆ. 50ಕ್ಕೆ 50.

ಹಳೆಬೋಲ್ಟ್: ಆದ್ರೂ ಸ್ಪ್ರಿಂಗ್ ಒಮ್ಮೆ ನೋಡಿಸಿ. ಬಿಸಿಗೆ ಬೋಲ್ಟಿನೊಳಗಿನ ಎಣ್ಣೆ ಅಂಟಾಗುತ್ತೆ.

ಮದ್ದುಪುಡಿ: ಇದೊಂದು ಒಪ್ಪಿದೆ. ಬೋಲ್ಟ್ ಬಿಚ್ಚಿ ಒರೆಸಿ.

ಗುರಿತಪ್ಪಿದವ: ಕಾರಲ್ಲಿದ್ದ ಇನ್ನೂ ಒಂಬತ್ತು ಪೊಟ್ಟಣ ಏನು ಮಾಡ್ಲಿ?

ಬಿಸಿಲುಕುದುರೆ: ಅದಿರ್ಲಿ, ಡಿಕ್ಕಿಯಲ್ಲಿ ಗುರಿ ನೋಡೋ ಸ್ಕೋಪೂ ಇತ್ತಾ? ಯಾವುದು?