ಸಹಾಯ ಬೇಕು: ಆಟೊಮೊಬೈಲ್ ಓದುವ 9ನೇ ತರಗತಿ ಮಕ್ಕಳಿಗೆ ಗ್ಯಾರೇಜ್ ಇಂಗ್ಲಿಷ್

ಸರ್ಕಾರಿ ಪ್ರೌಢಶಾಲೆಯಲ್ಲಿ ಎನ್‌ಎಸ್‌ಕ್ಯುಎಫ್ (ಶಾಲೆಯಲ್ಲೇ ಕಲಿಸುವ ವೃತ್ತಿಶಿಕ್ಷಣ) ಅಡಿ ಆಟೊಮೊಬೈಲ್ ಓದುವ ಮಕ್ಕಳಿಗಾಗಿ ಕೆಲಸಕ್ಕೆ ಬೇಕಾಗುವಷ್ಟೇ ಇಂಗ್ಲಿಷಿನ ಪಾಠಗಳನ್ನು ಸಿದ್ಧಪಡಿಸುತ್ತಿದ್ದೇವೆ. ಪಠ್ಯ ತೆರೆದರೆ ಮುಖ ತಿರುಗಿಸುವ ಮಕ್ಕಳೂ ಟೈರಿನ ಮೇಲಿನ 100/90-17 55ಪಿ ತೋರಿಸಿದರೆ ಹತ್ತಿರ ಬರುತ್ತಾರೆ. ಅಗಲ 100 ಮಿ.ಮೀ., ಎತ್ತರ ಅದರ ಶೇ. 90, ರಿಮ್ 17 ಇಂಚು, 55 ಎಂದರೆ ಹೊರುವ ಭಾರ 218 ಕೆ.ಜಿ., ಪಿ ಎಂದರೆ ವೇಗಮಿತಿ ಗಂಟೆಗೆ 150 ಕಿ.ಮೀ. ಇಷ್ಟನ್ನು ಒಂದೇ ಪೀರಿಯಡ್‌ನಲ್ಲಿ ಹಿಡಿಯುತ್ತಾರೆ.

ತೊಡಕು ವಾಕ್ಯದಲ್ಲಿ. ಬ್ಯಾಟರಿ ಬಿಚ್ಚುವಾಗ 'ಡಿಸ್‌ಕನೆಕ್ಟ್ ದ ಪಾಸಿಟಿವ್ ಕೇಬಲ್ ಓನ್ಲಿ ಆಫ್ಟರ್ ದ ನೆಗೆಟಿವ್' (ನೆಗೆಟಿವ್ ಬಿಚ್ಚಿದ ಮೇಲಷ್ಟೇ ಪಾಸಿಟಿವ್ ಕೇಬಲ್ ಬಿಚ್ಚು) ಎಂದರೆ ಮೊದಲು ಕೇಳಿದ ಪಾಸಿಟಿವ್‌ಗೇ ಕೈ ಹಾಕುತ್ತಾರೆ. ಕನ್ನಡದಲ್ಲಿ ಮೊದಲು ಮಾಡಬೇಕಾದ ಕೆಲಸ ಸಾಮಾನ್ಯವಾಗಿ ಮೊದಲೇ ಬರುತ್ತದೆ, ಇಲ್ಲಿ ಹಿಂದೆ ಬಿದ್ದಿದೆ. ಪಾಸಿಟಿವ್ ಅನ್ನು ಮೊದಲು ಬಿಚ್ಚುವಾಗ ಸ್ಪ್ಯಾನರ್ ಗಾಡಿಯ ಲೋಹದ ಭಾಗಕ್ಕೆ ತಾಗಿದರೆ ಶಾರ್ಟ್ ಆಗುತ್ತದೆ, ಹಾಗಾಗಿ ಇದನ್ನು ಬರೀ ವ್ಯಾಕರಣದ ತಪ್ಪು ಎಂದು ಬಿಡುವಂತಿಲ್ಲ. ಪದಪಟ್ಟಿ ಬಾಯಿಪಾಠ ಮಾಡಿಸಿದರೆ ಇದು ಸರಿಹೋಗದು. ವಾಕ್ಯವನ್ನು ಎರಡು ಚೀಟಿಗಳಾಗಿ ಕತ್ತರಿಸಿ, ಕೆಲಸದ ಕ್ರಮದಲ್ಲಿ ಜೋಡಿಸಲು ಹೇಳಿದಾಗ ಸ್ವಲ್ಪ ಫಲ ಸಿಕ್ಕಿದೆ.

ಇನ್ನೊಂದು, ಜೋಡಿ ಚಟುವಟಿಕೆ. ಒಬ್ಬರ ಕೈಗೆ ಗ್ರಾಹಕರ ದೂರು, ಇನ್ನೊಬ್ಬರಿಗೆ ಖಾಲಿ ಜಾಬ್ ಕಾರ್ಡ್ (ಗಾಡಿಯ ದೂರು, ಮಾಡಬೇಕಾದ ಕೆಲಸ ಬರೆದುಕೊಳ್ಳುವ ಗ್ಯಾರೇಜಿನ ಕಾರ್ಡ್). ಕೇಳಿ ತುಂಬಬೇಕು. ಆದರೆ ಚೀಟಿ ನೋಡಿ ನಕಲು ಮಾಡಿಬಿಡುತ್ತಾರೆ. ಬೆನ್ನಿಗೆ ಬೆನ್ನು ಕೂರಿಸಿದರೆ ಗದ್ದಲ, ಅರ್ಧ ತರಗತಿ ಕನ್ನಡಕ್ಕೆ ಜಾರುತ್ತದೆ.

ಬೇಕಾಗಿರುವುದು: ಹೆಸರು, ಫೋನ್, ಗಾಡಿ ನಂಬರ್ ಅಳಿಸಿದ ಹಳೆಯ ಜಾಬ್ ಕಾರ್ಡ್‌ಗಳ ಫೋಟೊ, ದ್ವಿಚಕ್ರ ವಾಹನದ್ದಾದರೆ ಒಳ್ಳೆಯದು. 40 ಮಕ್ಕಳಿರುವ ತರಗತಿಯಲ್ಲಿ ಮಾತನ್ನು 40 ನಿಮಿಷದೊಳಗೆ ಅಳೆಯುವ ವಿಧಾನ ಯಾರಿಗಾದರೂ ಕೈಹಿಡಿದಿದ್ದರೆ, ಅಂಕಪಟ್ಟಿಯ ಸಮೇತ ಹಂಚಿಕೊಳ್ಳಿ.